ಟಯರ್ ಅಂಗಡಿಯಿಂದ ಬಂದ ಮೇಲೆ ಹಳೇ ಕಾರು ನಡುಗಿದರೆ: ಚಕ್ರದ ದೋಷ ಹುಡುಕುವ ಕ್ರಮ

ಹೊಸ ಟಯರ್ ಹಾಕಿಸಿಕೊಂಡು ಬಂದ ಅಂಬಾಸಿಡರ್ 60 ಕಿಲೋಮೀಟರ್ ವೇಗ ದಾಟಿದ ಕೂಡಲೇ ಸ್ಟಿಯರಿಂಗ್ ಕೈಯಲ್ಲಿ ಕುಣಿಯತೊಡಗಿತು ಅಂದುಕೊಳ್ಳಿ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ: ಮತ್ತೆ ಅದೇ ಅಂಗಡಿಗೆ ಹೋಗಿ ‘ಇನ್ನೊಂದ್ಸಲ ಬ್ಯಾಲೆನ್ಸ್ ಮಾಡಿಕೊಡಿ’ ಅನ್ನುತ್ತಾರೆ. ಅಂಗಡಿಯವರು ರಿಮ್ಮಿಗೆ ಇನ್ನೆರಡು ಸೀಸದ ವೆಯ್ಟ್ ಹೊಡೆದು ಕಳಿಸುತ್ತಾರೆ. ನಡುಕ ಅಲ್ಲೇ ಇರುತ್ತದೆ. ಕೊನೆಗೆ ‘ಹಳೇ ಗಾಡಿ ಸಾರ್, ಹಂಗೇ ಇರೋದು’ ಅನ್ನುವ ತೀರ್ಪು ಸಿಗುತ್ತದೆ.

ಹಂಗೇ ಇರೋದಲ್ಲ. ಅಂಗಡಿಗೆ ಹೋಗುವ ಮುಂಚೆ ಇಲ್ಲದ ನಡುಕ ಬರುವಾಗ ಬಂದಿದ್ದರೆ, ಸಾಮಾನ್ಯವಾಗಿ ಅಲ್ಲಿ ಯಾರದೋ ಕೈ ಬಿದ್ದ ಜಾಗದಲ್ಲೇ ಕಾರಣ ಇರುತ್ತದೆ: ನಟ್ಟು, ಸ್ಟಡ್ಡು (ನಟ್ಟು ಹಾಕುವ ಥ್ರೆಡ್ಡಿನ ಕಂಬಿ), ಡಿಸ್ಕು (ಟಯರ್ ಹೊತ್ತ ಕಬ್ಬಿಣದ ಚಕ್ರ, ಅದರ ಹೊರಬಳೆಯೇ ರಿಮ್ಮು), ಟ್ಯೂಬು, ಟಯರ್ ಕೂತ ರೀತಿ, ಜಾಕ್ ಕೊಟ್ಟ ಜಾಗ. ಇಷ್ಟನ್ನೂ ನೋಡಿ ಮುಗಿದ ಮೇಲೆ ಬ್ಯಾಲೆನ್ಸಿಂಗ್ ಮೆಷಿನ್ನಿನ ಸರದಿ. ಈ ಕ್ರಮ ತಲೆಕೆಳಗಾದರೆ ಬೆಂಡಾದ ಡಿಸ್ಕಿಗೆ ಸೀಸ ಹೊಡೆಯುತ್ತಾ ಕೂರಬೇಕಾಗುತ್ತದೆ.

ಹುಡುಗರನ್ನು ಬೈದು ಪ್ರಯೋಜನವೂ ಇಲ್ಲ. ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಟಯರ್ ಅಂಗಡಿಯಲ್ಲಿ ದಿನವಿಡೀ ಬರುವುದು ಅಲಾಯ್ ಚಕ್ರದ, ಟ್ಯೂಬ್‌ಲೆಸ್ ಟಯರಿನ ಹೊಸ ಕಾರುಗಳು. ಅವರ ಮೆಷಿನ್ನು, ನಟ್ಟು ತಿರುಗಿಸುವ ಏರ್ ಗನ್ನು, ಕೈಚಳಕ ಎಲ್ಲ ಅದಕ್ಕೇ ಒಗ್ಗಿಕೊಂಡಿವೆ. 15 ಇಂಚಿನ ಡಿಸ್ಕಿಗೆ 5.90 (ಇಂಚಿನಲ್ಲಿ ಅಗಲ) ಟಯರ್ ಕೂರಿಸುವ ಅಂಬಾಸಿಡರ್, 14 ಇಂಚಿಗೆ 5.20 ಕೂರಿಸುವ ಫಿಯೆಟ್ ಮತ್ತು ಪದ್ಮಿನಿ, 16 ಇಂಚಿಗೆ 6.00 ಹಾಕುವ ಎಸ್ಟೇಟಿನ ಜೀಪು, ಇವೆಲ್ಲ ಬೇರೆ ಕಾಲದ ಲೆಕ್ಕಾಚಾರದ ಗಾಡಿಗಳು. ಕೆಳಗಿನದನ್ನು ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಜಾಕ್ ತೆಗೆಯುವ ಮೊದಲು

ಚಕ್ರದ ಒಳಮುಖಕ್ಕೆ ಕೈ ಹಾಕಿ ನೋಡಿ. ಮಳೆಗಾಲದಲ್ಲಿ ತೋಟದ ರಸ್ತೆಯಲ್ಲಿ ಓಡಾಡಿದ ಕಾರಾದರೆ ಡಿಸ್ಕಿನ ಒಳಬದಿಯಲ್ಲಿ ಕೆಂಪು ಮಣ್ಣು ಹೆಂಟೆಯಾಗಿ ಒಂದೇ ಕಡೆ ಅಂಟಿಕೊಂಡಿರುತ್ತದೆ. ಮುಷ್ಟಿಗಾತ್ರದ ಒಣ ಮಣ್ಣು ಸಾಕು, ಸ್ಟಿಯರಿಂಗ್ ನಡುಗಲು. ಆಲ್ದೂರು, ಬಾಳೆಹೊನ್ನೂರು ಕಡೆಯ ಜೀಪುಗಳ ಅರ್ಧ ‘ಬ್ಯಾಲೆನ್ಸಿಂಗ್ ಪ್ರಾಬ್ಲಮ್ಮು’ ನೀರಿನ ಪೈಪಿನಲ್ಲೇ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಗಾಳಿ ನೋಡಿ. ಅಂಗಡಿಯಲ್ಲಿ ಯಾವ ಕಾರು ಬಂದರೂ 33, 35 ಪೌಂಡ್ ತುಂಬುವುದು ಅಭ್ಯಾಸ. ಹಳೆಯ ಕ್ರಾಸ್‌ಪ್ಲೈ ಟಯರಿಗೆ (ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯುವ ಹಳೇ ಬಗೆ) ಕಾರಿನ ಕೈಪಿಡಿ ಹೇಳುವುದು ಅದಕ್ಕಿಂತ ಎಷ್ಟೋ ಕಡಿಮೆ, ಸಾಮಾನ್ಯವಾಗಿ ಇಪ್ಪತ್ತು ಚಿಲ್ಲರೆ. ಗಾಳಿ ಜಾಸ್ತಿಯಾದರೆ ಕಾರು ಸಣ್ಣ ಗುಂಡಿಗೂ ನೆಗೆಯುತ್ತದೆ, ನೇರ ರಸ್ತೆಯಲ್ಲೂ ಅತ್ತಿತ್ತ ಅಲೆಯುತ್ತದೆ. ಇದನ್ನೇ ಹಲವರು ನಡುಕ ಎಂದು ಹೇಳಿಕೊಂಡು ಬರುತ್ತಾರೆ. ತಣ್ಣಗಿರುವಾಗ ಅಳೆದು ಸರಿಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನ ಮಾತು.

ಕಾರು ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದರೆ ನೈಲಾನ್ ಟಯರಿನ ತಳ ಚಪ್ಪಟೆಯಾಗಿ ಕೂತಿರುತ್ತದೆ. ಹೊರಟ ಕೂಡಲೇ ದಡದಡ ಅನ್ನುತ್ತದೆ, ಒಂದಷ್ಟು ದೂರ ಹೋಗಿ ಟಯರ್ ಬಿಸಿಯಾದ ಮೇಲೆ ತಾನಾಗಿ ಸುಮ್ಮನಾಗುತ್ತದೆ. ಬಿಸಿಯಾದರೂ ಹೋಗದಿದ್ದರೆ ಮಾತ್ರ ಬೇರೆ ಕಾರಣ ಹುಡುಕಿ.

ನಡುಕ ಯಾವ ಕಡೆಯದು, ಯಾವ ವೇಗದ್ದು

ನಡುಕ ಸ್ಟಿಯರಿಂಗಿನಲ್ಲಿ ಗೊತ್ತಾದರೆ ಮುಂದಿನ ಚಕ್ರ. ಸೀಟು, ನೆಲದಲ್ಲಿ ಗೊತ್ತಾದರೆ ಹಿಂದಿನದು. ಇದು ಪೂರಾ ಸತ್ಯವಲ್ಲದಿದ್ದರೂ ಶುರು ಮಾಡಲು ಸಾಕು. 20–30ರ ವೇಗದಲ್ಲೇ ಕಾರು ಬಾತುಕೋಳಿಯಂತೆ ಓಲಾಡಿದರೆ ಅದು ಬ್ಯಾಲೆನ್ಸಿನ ಸಮಸ್ಯೆ ಅಲ್ಲವೇ ಅಲ್ಲ. ಡಿಸ್ಕ್ ಬೆಂಡಾಗಿದೆ, ಇಲ್ಲವೇ ಟಯರ್ ಉಬ್ಬಿದೆ, ಇಲ್ಲವೇ ಟಯರ್ ರಿಮ್ಮಿನ ಮೇಲೆ ಸರಿಯಾಗಿ ಕೂತಿಲ್ಲ. 60ರ ತನಕ ಸುಮ್ಮನಿದ್ದು, 60–80ರ ನಡುವೆ ನಡುಗಿ, ಇನ್ನೂ ಜೋರು ಹೋದರೆ ಕಡಿಮೆಯಾಗುವುದು ಬ್ಯಾಲೆನ್ಸಿನ ಲಕ್ಷಣ.

ಬ್ರೇಕ್ ಒತ್ತಿದಾಗ ಮಾತ್ರ ಪೆಡಲ್ ಕಾಲಿಗೆ ಮಿಡಿಯುತ್ತಿದ್ದರೆ ಬ್ರೇಕ್ ಡ್ರಮ್ಮಿನ ದುಂಡು ಕೆಟ್ಟಿದೆ ಎಂದರ್ಥ. ಟಯರ್ ಅಂಗಡಿಗೂ ಡ್ರಮ್ಮಿಗೂ ಏನು ಸಂಬಂಧ ಅನ್ನಬೇಡಿ, ಸಂಬಂಧ ಇದೆ. ನಟ್ಟುಗಳನ್ನು ಒಂದು ಪಕ್ಕದಿಂದ ಶುರು ಮಾಡಿ ಗನ್ನಿನಲ್ಲಿ ಅಡ್ಡಾದಿಡ್ಡಿ ಬಿಗಿದರೆ ಡಿಸ್ಕಿನ ಹಿಂದಿರುವ ಡ್ರಮ್ಮು ಸೊಟ್ಟಗೆ ಎಳೆದುಕೊಳ್ಳುತ್ತದೆ. ಆ ಚಕ್ರದ ನಟ್ಟುಗಳನ್ನೆಲ್ಲ ಸಡಿಲಿಸಿ ಕೈ ಸ್ಪ್ಯಾನರಿನಲ್ಲಿ ಎದುರುಬದುರಾಗಿ ಸಮನಾಗಿ ಬಿಗಿಯಿರಿ. ಮಿಡಿತ ಹೋಯಿತೇ, ಡ್ರಮ್ ಉಳಿಯಿತು. ಹೋಗದಿದ್ದರೆ ಡ್ರಮ್ಮನ್ನು ಲೇತಿಗೆ ಕೊಡಬೇಕು. ಎಷ್ಟು ಕೊರೆಯಬಹುದು ಎಂಬ ಮಿತಿ ಕೈಪಿಡಿಯಲ್ಲಿರುತ್ತದೆ. ಅದನ್ನು ನೋಡದೆ ಕೊಡಬೇಡಿ.

ಮುಂದಿನ ಚಕ್ರ, ಹಿಂದಿನ ಚಕ್ರ ಅದಲುಬದಲು ಮಾಡಿ ಓಡಿಸುವುದು ಖರ್ಚಿಲ್ಲದ, ನಂಬಬಹುದಾದ ಪರೀಕ್ಷೆ. ನಡುಕ ಸ್ಟಿಯರಿಂಗಿನಿಂದ ಸೀಟಿಗೆ ವರ್ಗವಾದರೆ ದೋಷ ಚಕ್ರದಲ್ಲೇ ಇದೆ. ಸ್ಟಿಯರಿಂಗಿನಲ್ಲೇ ಉಳಿದರೆ ಹಬ್ಬು (ಡಿಸ್ಕು ಕೂರುವ ನಡುಭಾಗ), ಬೇರಿಂಗು, ಕಿಂಗ್ ಪಿನ್ನು (ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಕಂಬಿ), ಸ್ಟಿಯರಿಂಗ್ ಲಿಂಕುಗಳ ಕಡೆ ತಿರುಗಿ. ಮುಂದೆ ರೇಡಿಯಲ್ (ಈಗಿನ ಕಾರುಗಳ ಬಗೆಯ ಟಯರ್), ಹಿಂದೆ ಕ್ರಾಸ್‌ಪ್ಲೈ ಆಗುವಂತಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ಆ ಜೋಡಣೆಯಲ್ಲಿ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ. ಎರಡು ಜಾತಿ ಬೆರೆಸಲೇಬೇಕಾಗಿ ಬಂದರೆ ರೇಡಿಯಲ್ ಹಿಂದಕ್ಕೇ ಹೋಗಬೇಕು, ಒಂದೇ ಆಕ್ಸಲಿನಲ್ಲಂತೂ ಒಂದೊಂದು ಜಾತಿ ಇರಲೇಕೂಡದು.

ಹಳೆಯ ಕಾರಿನ ಕಿಂಗ್ ಪಿನ್ ಸವೆತವನ್ನು ಟಯರ್ ಅಂಗಡಿಯವನ ತಲೆಗೆ ಕಟ್ಟುವುದೂ ನಡೆದೇ ಇದೆ. ಮುಂದಿನ ಚಕ್ರ ಎತ್ತಿ, ಮೇಲೊಂದು ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದೆಯೇ? ಈಗ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ವೀಲ್ ಬೇರಿಂಗಿನದು. ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಅದರ ಬುಷ್ಷು. ಅದು ಒಂದು ದಿನದಲ್ಲಿ ಸವೆಯುವಂಥದ್ದಲ್ಲ. ಸವೆದ ಪಿನ್ನನ್ನು ಹಳೇ ಮೆತ್ತನೆ ಟಯರ್ ಮುಚ್ಚಿಟ್ಟಿತ್ತು, ಹೊಸದು ಬಯಲು ಮಾಡಿತು, ಅಷ್ಟೇ.

ನಟ್ಟು, ಸ್ಟಡ್ಡು: ಅತಿ ಹೆಚ್ಚು ಹಾಳಾಗುವ ಜಾಗ

ಹಳೆಯ ಡಿಸ್ಕಿಗೆ ಸ್ಥಾನ ಕೊಡುವುದು ನಟ್ಟಿನ ಇಳಿಜಾರು ಮುಖ. ಡಿಸ್ಕಿನ ತೂತಿನ ಸುತ್ತ ಇರುವ ಇಳಿಜಾರಿನೊಳಗೆ ನಟ್ಟಿನ ಕೋನು ಕೂತು ಚಕ್ರವನ್ನು ನಡುವಿಗೆ ತರುತ್ತದೆ. ಈ ಎರಡು ಮುಖ ಹೊಂದದಿದ್ದರೆ ಏನೇ ಬಿಗಿದರೂ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೇ ಇರುತ್ತದೆ.

ಹಾಗಾಗಿ ಮೊದಲು ನಟ್ಟನ್ನು ಕೈಯಲ್ಲಿ ಹಿಡಿದು ನೋಡಿ. ಎರಡೂ ಕಡೆ ತೆರೆದಿರುವ ನಟ್ಟಾದರೆ ಉಲ್ಟಾ ಹಾಕಿರುವ ಸಾಧ್ಯತೆ ಉಂಟು, ಚಪ್ಪಟೆ ಮುಖ ಒಳಗೆ, ಕೋನು ಹೊರಗೆ. ಕಳೆದುಹೋದ ಒಂದು ನಟ್ಟಿನ ಬದಲಿಗೆ ಡಬ್ಬದಲ್ಲಿ ಸಿಕ್ಕ ಯಾವುದೋ ಕಾರಿನ ನಟ್ಟು ಹಾಕಿರುವುದೂ ಉಂಟು. ಒಂದರ ಕೋನು ಚೂಪು, ಇನ್ನೊಂದರದ್ದು ದುಂಡು. ಡಿಸ್ಕಿಗೆ ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಇನ್ನೂ ಹುಷಾರು. ನಟ್ಟು ಕೂರುವ ಇಳಿಜಾರಿನ ಮೇಲೂ ದಪ್ಪ ಬಣ್ಣ ಕೂತಿರುತ್ತದೆ. ಬಿಗಿದಾಗ ಗಟ್ಟಿ ಅನ್ನಿಸುತ್ತದೆ. ಓಡಿಸುತ್ತಾ ಬಣ್ಣ ಪುಡಿಯಾಗಿ ನಟ್ಟು ತಾನಾಗಿ ಸಡಿಲಾಗುತ್ತದೆ. ಅಂದ ನೋಡಿಕೊಂಡು ಮಾಡಿಸಿದ ಕೆಲಸ ಚಕ್ರ ಕಳಚುವಲ್ಲಿಗೆ ಬರಬಹುದು. ಆ ಇಳಿಜಾರಿನ ಬಣ್ಣವನ್ನು ಕಬ್ಬಿಣ ಕಾಣುವವರೆಗೆ ಕೆರೆದು ತೆಗೆಯಿರಿ.

ನಿಧಾನ ಹೋಗುವಾಗ ಚಿಕ್ ಚಿಕ್ ಎಂದು, ವೇಗ ಹೆಚ್ಚಿದಂತೆ ಜಾಸ್ತಿಯಾಗುವ, ತಿರುವಿನಲ್ಲಿ ಬದಲಾಗುವ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ವೀಲ್ ಕ್ಯಾಪ್ ಸಡಿಲಾಗಿದ್ದರೂ ಇದೇ ಸದ್ದು, ನಟ್ಟು ಸಡಿಲಾಗಿದ್ದರೂ ಇದೇ ಸದ್ದು. ಕ್ಯಾಪ್ ತೆಗೆದು ನಟ್ಟಿನ ಸುತ್ತ ನೋಡಿ. ನಟ್ಟಿನ ಬುಡದಿಂದ ಕಿರಣದಂತೆ ಹೊರಟ ಕೆಂಪು ತುಕ್ಕಿನ ಗೆರೆ ಕಂಡರೆ ಅದು ಒಳಗೆ ಉಜ್ಜಾಡುತ್ತಿತ್ತು ಎಂದೇ ಲೆಕ್ಕ. ಬಿಚ್ಚಿ ನೋಡಿ, ತೂತು ದುಂಡಗಿಲ್ಲದೆ ಮೊಟ್ಟೆಯಾಕಾರವಾಗಿದ್ದರೆ ಆ ಡಿಸ್ಕಿನ ಆಯಸ್ಸು ಮುಗಿಯಿತು.

ಇದರ ವಿರುದ್ಧದ ದೋಷ ಅತಿಯಾದ ಬಿಗಿ. 12 ಮಿಲಿಮೀಟರ್ ಸ್ಟಡ್ಡಿನ ಸಾಮಾನ್ಯ ಕಬ್ಬಿಣದ ಡಿಸ್ಕಿಗೆ 80ರಿಂದ 100 ನ್ಯೂಟನ್ ಮೀಟರ್, ಅಂದರೆ ಸುಮಾರು 8ರಿಂದ 10 ಕಿಲೋಗ್ರಾಂ-ಮೀಟರ್ ಬಿಗಿ ಸಾಕು (ನಿಮ್ಮ ಕಾರಿನ ಕೈಪಿಡಿ ಬೇರೆ ಹೇಳಿದರೆ ಅದೇ ಕೊನೆಯ ಮಾತು). ಅರ್ಧ ಇಂಚಿನ ಏರ್ ಗನ್ ಅದರ ಹಲವು ಪಟ್ಟು ಬಿಗಿಯಬಲ್ಲದು. ಸ್ಟಡ್ಡು ತಕ್ಷಣ ಮುರಿಯುವುದಿಲ್ಲ, ಹಿಗ್ಗುತ್ತದೆ. ಹಿಗ್ಗಿದ ಸ್ಟಡ್ಡಿನಲ್ಲಿ ನಟ್ಟು ಬೆರಳಲ್ಲೇ ಸಲೀಸಾಗಿ ಹೋಗುತ್ತಾ ಹೋಗುತ್ತಾ ಮಧ್ಯದಲ್ಲಿ ಬಿಗಿಯಾಗಿಬಿಡುತ್ತದೆ, ಏಕೆಂದರೆ ಅಲ್ಲಿ ಥ್ರೆಡ್ಡುಗಳ ನಡುವಿನ ಅಂತರ ಬದಲಾಗಿದೆ. ಹೊಸ ನಟ್ಟು ಹಾಕಿ ನೋಡಿದರೂ ಅದೇ ಜಾಗದಲ್ಲಿ ನಿಂತರೆ ಸಂಶಯವಿಲ್ಲ. ಒಂದು ಸ್ಟಡ್ ಮುರಿದಿದ್ದರೆ ಅದರ ಆಚೀಚೆಯವೂ ಹೆಚ್ಚಿನ ಭಾರ ಹೊತ್ತಿರುತ್ತವೆ, ಅವನ್ನೂ ಬದಲಾಯಿಸಿ. ಹೊಸ ಸ್ಟಡ್ಡನ್ನು ಪ್ರೆಸ್ಸಿನಲ್ಲಿ ಕೂರಿಸುವ ಲೇತ್ ಅಂಗಡಿಗೆ ಹಬ್ಬನ್ನು ಒಯ್ಯಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದು ಹೆಚ್ಚು ದಿನ ನೆಟ್ಟಗಿರುವುದಿಲ್ಲ.

ಥ್ರೆಡ್ಡಿಗೆ ಗ್ರೀಸು, ಆಯಿಲು ಹಚ್ಚುವ ಅಭ್ಯಾಸ ನಮ್ಮ ಕಡೆ ಜಾಸ್ತಿ, ಮಳೆಗೆ ತುಕ್ಕು ಹಿಡಿಯದಿರಲಿ ಅಂತ. ಜಿಡ್ಡು ಹಚ್ಚಿದ ಸ್ಟಡ್ಡು ಅದೇ ಬಿಗಿಗೆ ಹೆಚ್ಚು ಹಿಗ್ಗುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ ಒಣಗಿಸಿ ಹಾಕುವುದೇ ಸರಿ.

ಜೀಪಿನ ಎಡ ಚಕ್ರ

ಇದಕ್ಕೆ ಪ್ರತ್ಯೇಕ ತಲೆಬರಹ ಕೊಡಲು ಕಾರಣವಿದೆ. ಹಳೆಯ ವಿಲ್ಲಿಸ್ ಜಾತಿಯ ಜೀಪುಗಳಲ್ಲಿ ಎಡಗಡೆಯ ಎರಡು ಚಕ್ರಗಳ ಸ್ಟಡ್ಡಿಗೆ ಉಲ್ಟಾ ಥ್ರೆಡ್ ಇರುತ್ತದೆ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ. ಗೊತ್ತಿಲ್ಲದವರು ಮಾಮೂಲಿನಂತೆ ಬಿಚ್ಚಲು ಗನ್ ಹಚ್ಚುತ್ತಾರೆ. ನಟ್ಟು ಬರುವುದಿಲ್ಲ, ಇನ್ನೂ ಜೋರು ಹಚ್ಚುತ್ತಾರೆ, ಸ್ಟಡ್ ಟಪ್ಪನೆ ಮುರಿಯುತ್ತದೆ. ‘ತುಕ್ಕು ಹಿಡಿದಿತ್ತು ಸಾರ್’ ಅನ್ನುತ್ತಾರೆ, ತುಕ್ಕಲ್ಲ.

ಗಾಡಿ ನಿಲ್ಲಿಸುವಾಗಲೇ ಮಾತು ಹೀಗಿರಲಿ:

‘ತಮ್ಮಾ, ಎಡಗಡೆ ನಟ್ಟು ಉಲ್ಟಾ ಥ್ರೆಡ್ಡು. ಗನ್ ಹಚ್ಚಬೇಡಪ್ಪ.’

‘ನಾಲ್ಕೂ ಕಡೆ ಒಂದೇ ಇರ್ತದಲ್ಲ ಸಾರ್?’

‘ಇದರಲ್ಲಿ ಇರಲ್ಲ. ಸ್ಟಡ್ ತುದೀಲಿ ಎಲ್ ಅಂತ ಇದೆಯಾ ನೋಡು. ಇದ್ರೆ ಉಲ್ಟಾ.’

ಸ್ಟಡ್ಡಿನ ತುದಿಯಲ್ಲಿ ಕೊರೆದ ‘ಎಲ್’ ಅಕ್ಷರ ತುಕ್ಕಿನಲ್ಲಿ ಮುಚ್ಚಿಹೋಗಿರಬಹುದು, ಉಜ್ಜಿ ನೋಡಿ. ಹಲವು ಕೈ ಬದಲಾದ ಜೀಪಿನಲ್ಲಿ ಯಾರೋ ಎಂದೋ ಹಬ್ ಬದಲಾಯಿಸಿ ಎಡ ಮುಂದಿನದು ಉಲ್ಟಾ, ಎಡ ಹಿಂದಿನದು ಮಾಮೂಲಿ ಆಗಿರುವುದೂ ಸಾಧ್ಯ. ಹಾಗಾಗಿ ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಹಬ್ಬಿನ ಮೇಲೆ ಬಣ್ಣದಲ್ಲಿ ಬಾಣದ ಗುರುತು ಹಾಕಿಬಿಡಿ. ಸುಮಾರು 1970ರವರೆಗಿನ ಡಾಜ್, ಪ್ಲಿಮತ್ ಕಾರುಗಳಲ್ಲೂ ಎಡಗಡೆ ಇದೇ ಕಥೆ. ನಡುವೆ ಒಂದೇ ರೆಕ್ಕೆ ನಟ್ಟಿರುವ ಕಡ್ಡಿ ಚಕ್ರದ ಇಂಗ್ಲಿಷ್ ಕಾರುಗಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಎಡಗಡೆಯದು ಮಾಮೂಲಿ, ಬಲಗಡೆಯದು ಉಲ್ಟಾ.

ಮಿಲಿಟರಿ ಜೀಪಿನ ಎರಡು ಹೋಳಿನ ಡಿಸ್ಕು ಇದ್ದರೆ ಇನ್ನೊಂದು ಎಚ್ಚರ. ಸ್ಟಡ್ಡಿನ ನಟ್ಟುಗಳ ಹೊರಗೆ, ದೊಡ್ಡ ವೃತ್ತದಲ್ಲಿ ಇರುವ ನಟ್ಟುಗಳು ಎರಡು ಹೋಳನ್ನು ಜೋಡಿಸಿ ಹಿಡಿದಿರುತ್ತವೆ. ಟಯರಿನಲ್ಲಿ ಗಾಳಿ ಇರುವಾಗ ಅವನ್ನು ಬಿಚ್ಚಿದರೆ ಹೋಳು ಸಿಡಿದು ಎದುರಿದ್ದವರ ಪ್ರಾಣ ಹೋಗಬಹುದು. ಇದು ಗೊತ್ತಿಲ್ಲದ ಅಂಗಡಿಗೆ ಆ ಚಕ್ರವನ್ನು ಕೊಡಲೇಬೇಡಿ.

ಡಿಸ್ಕ್ ಬೆಂಡು: ಇಟ್ಟಿಗೆ, ಪೆನ್ಸಿಲ್ ಸಾಕು

ಟಯರ್ ಬಿಚ್ಚುವ ಮೆಷಿನ್ನಿನಲ್ಲಿ ಡಿಸ್ಕಿಗೆ ಪೆಟ್ಟು ಬೀಳುವ ಜಾಗ ಎರಡು. ಟಯರಿನ ಅಂಚನ್ನು ರಿಮ್ಮಿನಿಂದ ಬಿಡಿಸುವ ಪಕ್ಕದ ಒತ್ತುಗೋಲು ರಬ್ಬರಿನ ಬದಲು ರಿಮ್ಮಿನ ತುಟಿಯ ಮೇಲೇ ಕೂತರೆ ತುಟಿ ಒಳಕ್ಕೆ ಬಾಗುತ್ತದೆ. ಇನ್ನೊಂದು, ರಿಮ್ಮನ್ನು ಹಿಡಿಯುವ ನಾಲ್ಕು ಉಕ್ಕಿನ ಹಲ್ಲುಗಳು. ಬಣ್ಣ ಕಿತ್ತು ಕಚ್ಚಿದ ಗುರುತು ಸಮ ದೂರದಲ್ಲಿ ನಾಲ್ಕು ಕಡೆ ಕಂಡರೆ ಅದು ಅವುಗಳದ್ದೇ. ಗುಂಡಿಗೆ ಬಿದ್ದು ಆದ ಬೆಂಡಿನಲ್ಲಿ ಒಂದೇ ಕಡೆ ಪೆಟ್ಟಿದ್ದು, ಟಯರಿನ ಪಕ್ಕೆಯಲ್ಲೂ ಗಾಯದ ಗುರುತು ಇರುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿ ಇಳಿದು ಬಂದ ಕಾರಿನ ಬೆಂಡನ್ನು ಅಂಗಡಿಯವನ ಮೇಲೆ ಹಾಕುವ ಮೊದಲು ಈ ವ್ಯತ್ಯಾಸ ನೋಡಿ. ನ್ಯಾಯ ಎರಡೂ ಕಡೆಗೆ ಬೇಕು.

ಅಳೆಯುವ ಬಗೆ ಸರಳ. ಚಕ್ರ ಎತ್ತಿ, ಜಾಕಿನ ಜೊತೆ ಸ್ಟ್ಯಾಂಡ್ ಕೊಟ್ಟು (ಬರೀ ಜಾಕಿನ ಮೇಲೆ ನಂಬಿಕೆ ಇಡಬೇಡಿ), ಇಟ್ಟಿಗೆಯ ಮೇಲೆ ಪೆನ್ಸಿಲನ್ನು ಅಲ್ಲಾಡದಂತೆ ಇಟ್ಟು ತುದಿಯನ್ನು ರಿಮ್ಮಿನ ಪಕ್ಕಕ್ಕೆ ತಾಗಿಯೂ ತಾಗದಂತೆ ನಿಲ್ಲಿಸಿ. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸಂದು ಹಿಗ್ಗಿ ಕುಗ್ಗುವುದು ಪಕ್ಕದ ಓಲಾಟ. ಪೆನ್ಸಿಲನ್ನು ಟಯರ್ ಕೂರುವ ಅಂಚಿನ ಕೆಳಗೆ ಹಿಡಿದು ಅದನ್ನೇ ಮಾಡಿದರೆ ಮೇಲೆ ಕೆಳಗಿನ ಏರಿಳಿತ ಸಿಗುತ್ತದೆ. ಕಬ್ಬಿಣದ ಡಿಸ್ಕಿನಲ್ಲಿ ಒಂದೂವರೆ ಮಿಲಿಮೀಟರ್ ತನಕ ಸಹಿಸಬಹುದು. ಅದನ್ನು ದಾಟಿ ಎರಡು, ಮೂರರ ಕಡೆ ಹೋದರೆ ಎಷ್ಟು ಸೀಸ ಹೊಡೆದರೂ ನಡುಕ ಅಡಗುವುದಿಲ್ಲ. ಡಯಲ್ ಗೇಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಬೆಂಡು ಕಣ್ಣಿಗೇ ಕಾಣುತ್ತದೆ.

ಓಲಾಟ ಕಂಡಿತು, ಆದರೆ ಅದು ಡಿಸ್ಕಿನದೋ ಹಬ್ಬಿನದೋ? ಓಲಾಟ ಅತಿ ಹೆಚ್ಚಿರುವ ಜಾಗಕ್ಕೆ ರಿಮ್ಮಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅದರ ಎದುರಿನ ಸ್ಟಡ್ಡಿಗೂ ಗುರುತು ಹಾಕಿ. ಚಕ್ರ ಬಿಚ್ಚಿ, ಎರಡು ಸ್ಟಡ್ ತಿರುಗಿಸಿ ಮತ್ತೆ ಹಾಕಿ ಅಳೆಯಿರಿ. ಎತ್ತರದ ಜಾಗ ರಿಮ್ಮಿನ ಗುರುತಿನ ಜೊತೆಗೇ ಸರಿದರೆ ಡಿಸ್ಕು ಬೆಂಡಾಗಿದೆ. ಸ್ಟಡ್ಡಿನ ಗುರುತಿನ ಹತ್ತಿರವೇ ಉಳಿದರೆ ಹಬ್ಬು ಬಾಗಿದೆ, ಇಲ್ಲವೇ ಹಬ್ಬಿಗೂ ಡಿಸ್ಕಿಗೂ ನಡುವೆ ತುಕ್ಕಿನ ಚಕ್ಕೆ, ಹಳೇ ಬಣ್ಣದ ಪದರ ಸಿಕ್ಕಿಕೊಂಡಿದೆ. ಅಲ್ಲಿ ಸಿಕ್ಕಿಕೊಂಡ ಒಂದು ತೆಳು ಚಕ್ಕೆ ರಿಮ್ಮಿನ ಅಂಚಿಗೆ ಬರುವಷ್ಟರಲ್ಲಿ ತನ್ನ ದಪ್ಪದ ಎರಡು ಮೂರು ಪಟ್ಟು ಓಲಾಟವಾಗಿ ಕಾಣುತ್ತದೆ. ಎರಡೂ ಮುಖವನ್ನು ಉಜ್ಜಿ ಮತ್ತೆ ಅಳೆಯದೆ ಡಿಸ್ಕ್ ಬದಲಾಯಿಸಬೇಡಿ.

ರಿಮ್ ನೆಟ್ಟಗಿದ್ದು ಟಯರ್ ಮಾತ್ರ ಓಲಾಡಿದರೆ ಟಯರ್ ಕೂತ ರೀತಿ ನೋಡಿ. ಪ್ರತಿ ಟಯರಿನಲ್ಲೂ ರಿಮ್ಮಿನ ಪಕ್ಕಕ್ಕೇ ಸುತ್ತ ಒಂದು ತೆಳು ಗೆರೆ ಉಬ್ಬಿರುತ್ತದೆ. ಆ ಗೆರೆ ರಿಮ್ಮಿನ ಅಂಚಿನಿಂದ ಸುತ್ತಲೂ ಒಂದೇ ದೂರದಲ್ಲಿರಬೇಕು. ಒಂದು ಕಡೆ ಒಳಗೆ ಮುಳುಗಿದ್ದರೆ ಟಯರ್ ಪೂರ್ತಿ ಕೂತಿಲ್ಲ. ಗಾಳಿ ಬಿಟ್ಟು, ಅಂಚಿಗೆ ಸೋಪಿನ ನೀರು ಸವರಿ, ಮತ್ತೆ ತುಂಬಿದರೆ ಸಾಮಾನ್ಯವಾಗಿ ಟಪ್ ಎಂದು ಕೂರುತ್ತದೆ. 40 ಪೌಂಡ್ ದಾಟಿಸಿ ಕೂರಿಸಲು ಹೋಗಬೇಡಿ. ಪೆಟ್ರೋಲ್ ಸುರಿದು ಬೆಂಕಿ ಕೊಟ್ಟು ಟಯರ್ ಕೂರಿಸುವ ಆಟವನ್ನಂತೂ ನಿಮ್ಮ ಕಾರಿನ ಹತ್ತಿರ ಬಿಡಬೇಡಿ. ಕೂತ ಮೇಲೂ ಓಲಾಟ ಇದ್ದರೆ ಟಯರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಹಾಕಿ. ಉಬ್ಬು ಟಯರಿನ ಜೊತೆ ಹೋದರೆ ಟಯರೇ ಕೆಟ್ಟದ್ದು.

5.90-15ರಂಥ ಅಳತೆಗಳು ಈಗ ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ ಗೋಡೌನಿನಲ್ಲಿ ವರ್ಷಗಟ್ಟಲೆ ಕೂತ ಟಯರ್ ‘ಹೊಸದು’ ಎಂದು ಬರುತ್ತದೆ. ಪಕ್ಕೆಯಲ್ಲಿ ನಾಲ್ಕು ಅಂಕಿಯ ತಾರೀಕು ನೋಡಿ: 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೆ ಮುಂಚಿನದು, ಹಣ ಕೊಡಬೇಡಿ.

ಮೆಷಿನ್ ಸೊನ್ನೆ ತೋರಿಸುತ್ತದೆ, ಕಾರು ನಡುಗುತ್ತದೆ

ಈಗಿನ ಚಕ್ರಗಳ ನಡುತೂತು ಅಳತೆಗೆ ಕೊರೆದದ್ದು. ಹಬ್ಬಿನ ಮೇಲೆ ಆ ತೂತೇ ಚಕ್ರವನ್ನು ಮಧ್ಯಕ್ಕೆ ತರುತ್ತದೆ. ಬ್ಯಾಲೆನ್ಸಿಂಗ್ ಮೆಷಿನ್ನೂ ಕೋನೊಂದನ್ನು ಆ ತೂತಿಗೆ ತೂರಿಸಿ ಚಕ್ರ ಹಿಡಿಯುತ್ತದೆ. ಹಳೆಯ ಡಿಸ್ಕುಗಳಲ್ಲಿ ನಡುತೂತು ಗ್ರೀಸ್ ಕ್ಯಾಪ್ ಹೊರಬರಲು ಬಿಟ್ಟ ಜಾಗ, ಅಷ್ಟೇ. ಅದು ಸ್ಟಡ್ ತೂತುಗಳ ವೃತ್ತಕ್ಕೆ ಸರಿಯಾದ ಮಧ್ಯದಲ್ಲಿರಬೇಕೆಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಹಾಗಾಗಿ ಮೆಷಿನ್ನಿನ ಮೇಲೆ ಒಂದು ಕೇಂದ್ರ, ಕಾರಿನ ಮೇಲೆ ಇನ್ನೊಂದು. ಮೆಷಿನ್ ಸುಳ್ಳು ಹೇಳುತ್ತಿಲ್ಲ, ಬೇರೆ ಚಕ್ರದ ಲೆಕ್ಕ ಹೇಳುತ್ತಿದೆ.

ಪತ್ತೆ ಹಚ್ಚುವುದು ಹೀಗೆ: ಸೊನ್ನೆ ತೋರಿಸಿದ ಮೇಲೆ ಚಕ್ರವನ್ನು ಸಡಿಲಿಸಿ, ಕೋನಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. ಮತ್ತೆ ಸೊನ್ನೆಯ ಹತ್ತಿರವೇ ಬಂದರೆ ಕೋನು ಚಕ್ರವನ್ನು ಪ್ರತಿಸಲವೂ ಒಂದೇ ರೀತಿ ಹಿಡಿಯುತ್ತಿದೆ. 20, 30 ಗ್ರಾಂ ವ್ಯತ್ಯಾಸ ಬಂದರೆ ಹಿಡಿತವೇ ಸರಿಯಿಲ್ಲ. ಸ್ಟಡ್ ತೂತುಗಳಿಂದಲೇ ಚಕ್ರವನ್ನು ಹಿಡಿಯುವ ಪ್ಲೇಟು ಕೆಲವು ಅಂಗಡಿಗಳಲ್ಲಿರುತ್ತದೆ, ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಕೇಳಿ ಹಾಕಿಸಿ. ಕೋನಿನಲ್ಲಿ ಸೊನ್ನೆ ಬಂದು, ಪರೀಕ್ಷೆಯಲ್ಲೂ ಪಾಸಾಗಿ, ಕಾರಿನ ಮೇಲೆ ನಡುಗಿದರೆ ಆಗಲೂ ಉತ್ತರ ಆ ಪ್ಲೇಟೇ.

ಟ್ಯೂಬು

ಹಾಕಿಸಿದ ಮಾರನೇ ದಿನವೇ ಗಾಳಿ ಇಳಿದರೆ ಲಿವರಿಗೆ ಸಿಕ್ಕು ಟ್ಯೂಬ್ ಕಚ್ಚಿದೆ. ನೀರಿನ ತೊಟ್ಟಿಯಲ್ಲಿ ಅಕ್ಕಪಕ್ಕ ಎರಡು ಸಣ್ಣ ಸೀಳು ಗುಳ್ಳೆ ಬಿಟ್ಟರೆ ಅದೇ. ವಾರಗಳ ನಂತರ ಇಳಿದರೆ, ಟಯರಿನ ಒಳಗೆ ಅಂಟಿಸಿದ ಕಾಗದದ ಚೀಟಿ ತೆಗೆಯದೆ ಟ್ಯೂಬ್ ಹಾಕಿದ್ದಾರೋ ನೋಡಿ. ಆ ಚೀಟಿಯ ಅಂಚು ಉಜ್ಜಿ ಉಜ್ಜಿ ಟ್ಯೂಬನ್ನು ತೂತು ಮಾಡುತ್ತದೆ. ರಿಮ್ಮಿನೊಳಗಿನ ತುಕ್ಕೂ ಅದೇ ಕೆಲಸ ಮಾಡುತ್ತದೆ. ಟಯರ್ ಬಿಚ್ಚಿದಾಗ ರಿಮ್ಮಿನ ಒಳಗನ್ನು ಉಜ್ಜಿಸಿ ತೆಳುವಾಗಿ ಪ್ರೈಮರ್ ಹೊಡೆಸಿಕೊಳ್ಳಲು ಅದೇ ಸಮಯ.

ವಾಲ್ವ್ ವಾರೆಯಾಗಿ ನಿಂತಿದ್ದರೆ ಟಯರು, ಟ್ಯೂಬು ರಿಮ್ಮಿನ ಮೇಲೆ ಜಾರುತ್ತಿವೆ. ಹಾಗೇ ಬಿಟ್ಟರೆ ವಾಲ್ವಿನ ಬುಡ ಹರಿದು ಒಮ್ಮೆಲೇ ಗಾಳಿ ಹೋಗುತ್ತದೆ, ಅದೂ ಘಾಟಿಯ ಹೇರ್‌ಪಿನ್ ತಿರುವಿನಲ್ಲೇ ಆದೀತು. ಕಾರಿನ ವಾಲ್ವ್ ತೂತು ಸುಮಾರು 11.5 ಮಿಲಿಮೀಟರ್, ಜೀಪಿನಂಥ ಕೆಲವು ರಿಮ್ಮುಗಳದ್ದು ಸುಮಾರು 16. ದೊಡ್ಡ ತೂತಿಗೆ ಸಣ್ಣ ವಾಲ್ವಿನ ಟ್ಯೂಬ್ ಹಾಕಿದ್ದರೆ ರಬ್ಬರ್ ಬುಷ್ ಇಲ್ಲದೆ ಓಡಿಸಬೇಡಿ.

‘ಟ್ಯೂಬ್ ಯಾಕೆ ಸಾರ್, ಟ್ಯೂಬ್‌ಲೆಸ್ ಮಾಡಿಬಿಡೋಣ’ ಎಂಬ ಸಲಹೆ ಖಂಡಿತ ಬರುತ್ತದೆ. ಹಳೆಯ ರಿಮ್ಮುಗಳಲ್ಲಿ ಟಯರಿನ ಅಂಚು ಒಳಕ್ಕೆ ಜಾರದಂತೆ ತಡೆಯುವ ಉಬ್ಬು ಇರುವುದಿಲ್ಲ. ಕೆಲವು ರಿಮ್ಮುಗಳು ರಿವೆಟ್ ಹೊಡೆದು ಜೋಡಿಸಿದವು, ಗಾಳಿ ರಿವೆಟ್ಟಿನಲ್ಲೇ ಸೋರುತ್ತದೆ. ಬೇಡ ಅನ್ನಿ.

ಜಾಕು, ವೀಲ್ ಕ್ಯಾಪು, ಅಲೈನ್‌ಮೆಂಟು

ಚಕ್ರ ಸರಿಯಿದ್ದೂ ಬಾಗಿಲು ಮುಚ್ಚುವಾಗ ತಾಗುತ್ತಿದ್ದರೆ, ನೆಲದ ಶೀಟು ಒಳಕ್ಕೆ ಉಬ್ಬಿದ್ದರೆ, ಲಿಫ್ಟಿನ ತೋಳನ್ನು ಬಾಗಿಲ ಕೆಳಗಿನ ತುಕ್ಕು ಹಿಡಿದ ಪಟ್ಟಿಗೆ ಕೊಟ್ಟಿದ್ದಾರೆ. ಅಂಬಾಸಿಡರಿಗೂ ಪದ್ಮಿನಿಗೂ ಬೇರೆ ಚಾಸಿ ಇಲ್ಲ, ಆ ಶೀಟೇ ಎಲುಬು. ಹಿಂದೆ ಎತ್ತಬೇಕಾದರೆ ಆಕ್ಸಲಿನ ಕೆಳಗೆ, ಲೀಫ್ ಸ್ಪ್ರಿಂಗ್ ಕೂರುವ ಹತ್ತಿರ ಎತ್ತಿಸಿ.

ವೀಲ್ ಕ್ಯಾಪನ್ನು ಸ್ಕ್ರೂಡ್ರೈವರಿನಲ್ಲಿ ಕಿತ್ತರೆ ಅಂಚು ಮಡಚುತ್ತದೆ, ಡಿಸ್ಕಿನ ಕ್ಲಿಪ್ಪೂ ಬಾಗುತ್ತದೆ. ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ತೆಗೆದಿಟ್ಟು ಹೋಗಿ.

ಕಂಪ್ಯೂಟರ್ ಅಲೈನ್‌ಮೆಂಟಿನವರ ಪಟ್ಟಿಯಲ್ಲಿ ನಿಮ್ಮ ಕಾರು ಇಲ್ಲದಿದ್ದರೆ ಹತ್ತಿರದ್ದೊಂದು ಮಾಡೆಲ್ ಆರಿಸಿ ಕೆಲಸ ಮುಗಿಸುತ್ತಾರೆ. ಟೋ-ಇನ್ (ಮುಂದಿನ ಎರಡು ಚಕ್ರಗಳು ಮುಂಭಾಗದಲ್ಲಿ ಎಷ್ಟು ಒಳಕ್ಕೆ ವಾಲಿರಬೇಕು ಎಂಬ) ಅಳತೆಯನ್ನು ಕೈಪಿಡಿಯಿಂದ ಬರೆದುಕೊಂಡು ಹೋಗಿ ಕೊಡಿ. ಬೆಂಡಾದ ಡಿಸ್ಕಿಗೆ ಕ್ಲ್ಯಾಂಪ್ ಹಚ್ಚಿ ತೆಗೆದ ಲೆಕ್ಕ ಯಾವ ಕೆಲಸಕ್ಕೂ ಬಾರದು, ಆದ್ದರಿಂದ ಅಲೈನ್‌ಮೆಂಟ್ ಯಾವಾಗಲೂ ಡಿಸ್ಕ್ ಸರಿಯಾದ ನಂತರ.

ಯಾವುದು ರಿಪೇರಿ, ಯಾವುದು ಗುಜರಿ

ರಿಮ್ಮಿನ ತುಟಿ ಮಾತ್ರ ಬಾಗಿದ್ದರೆ ಬೆಂಡ್ ತೆಗೆಯುವ ಮೆಷಿನ್ನಿನಲ್ಲಿ ನೆಟ್ಟಗಾಗುತ್ತದೆ. ಕಬ್ಬಿಣದ ಡಿಸ್ಕಿನ ದೊಡ್ಡ ಗುಣವೇ ಅದು. ಆದರೆ ಸ್ಟಡ್ ತೂತುಗಳ ನಡುವೆ, ಅಥವಾ ಗಾಳಿಯಾಡುವ ಕಿಂಡಿಯ ಮೂಲೆಯಿಂದ ಕೂದಲಿನಂಥ ಬಿರುಕು ಕಂಡರೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ. ಅಲ್ಲಿ ಬೆಸುಗೆ ಹಾಕಿದರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಬಣ್ಣದಡಿಯ ಬಿರುಕು ಕಾಣದಿದ್ದರೆ ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನಿಂದ ಎಣ್ಣೆ ಮೇಲೆದ್ದು ಗೆರೆ ಮೂಡುತ್ತದೆ. ಮೊಟ್ಟೆಯಾಕಾರದ ತೂತು, ಸಡಿಲಾದ ರಿವೆಟ್, ನಡುಭಾಗವೇ ಬಾಗಿದ ಡಿಸ್ಕು, ಇವೆಲ್ಲ ಗುಜರಿಗೆ.

ಹಳೇ ಡಿಸ್ಕಿನ ಬದಲಿಗೆ ಅಲಾಯ್ ಹಾಕಿಸುವ ಮುನ್ನ ಒಂದು ವಿಷಯ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಗೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಆ ಯೋಚನೆ ಇದ್ದರೆ ಹಳೆಯ ಮಾದರಿಯ ಡಿಸ್ಕನ್ನೇ ಹುಡುಕಿ. ಅಂಬಾಸಿಡರ್ 2014ರವರೆಗೆ ತಯಾರಾದ್ದರಿಂದ ಹಾಸನದ ಗುಜರಿಯಲ್ಲಿ ಸಿಗದಿದ್ದರೂ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ವಿಚಾರಿಸಬಹುದು. ಕೊಳ್ಳುವಾಗ ಇಟ್ಟಿಗೆ, ಪೆನ್ಸಿಲಿನ ಪರೀಕ್ಷೆ ಅಲ್ಲೇ ಮಾಡಲಾಗದಿದ್ದರೆ ಸಪಾಟು ಗ್ರಾನೈಟಿನ ಮೇಲೆ ರಿಮ್ಮನ್ನು ಮಲಗಿಸಿ ಸಂದು ನೋಡಿ.

ಜೋಡಿಸಿ ಓಡಿಸುವುದು

ಚಕ್ರ ನೆಲಕ್ಕೆ ತಾಗುವ ಮುನ್ನವೇ ಪ್ರತಿ ನಟ್ಟನ್ನೂ ಬೆರಳಲ್ಲಿ ಕೆಲವು ಸುತ್ತು ಹಾಕಿ. ನಾಲ್ಕು ಸ್ಟಡ್ಡಾದರೆ ಎದುರುಬದುರು, ಐದಾದರೆ ಒಂದು ಬಿಟ್ಟು ಒಂದು ನಕ್ಷತ್ರದಂತೆ ಸ್ಪ್ಯಾನರಿನಲ್ಲಿ ಮೆಲ್ಲಗೆ ಬಿಗಿಯಿರಿ. ಚಕ್ರ ಕೆಳಗಿಳಿಸಿದ ಮೇಲೆ ಅದೇ ಕ್ರಮದಲ್ಲಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರಿನಿಂದ ಕೊನೆಯ ಬಿಗಿ. ಗನ್ನನ್ನು ಬಿಚ್ಚುವುದಕ್ಕೆ ಬೇಕಾದರೆ ಬಳಸಲಿ, ಬಿಗಿಯುವುದಕ್ಕೆ ಬೇಡ.

ಪರೀಕ್ಷೆಗೆ ಘಾಟಿ ಕಡೆ ಹೋಗಬೇಡಿ. ಚಿಕ್ಕಮಗಳೂರಿನಿಂದ ಕಡೂರಿನ ರಸ್ತೆ ಹಿಡಿಯಿರಿ. ಸುಮಾರು 40 ಕಿಲೋಮೀಟರ್, ಬಯಲುಸೀಮೆಯ ಕಡೆಗೆ ಇಳಿಯುತ್ತಾ ಹೋದಂತೆ ನೇರ ದಾರಿ ಸಿಗುತ್ತದೆ. 30, 50, 70ರಲ್ಲಿ ಒಂದಷ್ಟು ಹೊತ್ತು ಸಮವೇಗ ಹಿಡಿದು ನೋಡಿ. ಸಖರಾಯಪಟ್ಟಣದಲ್ಲಿ ನಿಲ್ಲಿಸಿ ನಾಲ್ಕೂ ಹಬ್ಬಿನ ಹತ್ತಿರ ಕೈ ಹಿಡಿಯಿರಿ. ಒಂದೇ ಒಂದು ಉಳಿದವಕ್ಕಿಂತ ಹೆಚ್ಚು ಬಿಸಿಯಿದ್ದರೆ ಬೇರಿಂಗು ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಕಡೂರಿಗೆ ಹೋಗಿ ವಾಪಸ್ ಬಂದರೆ ಸುಮಾರು 80 ಕಿಲೋಮೀಟರ್ ಆಗುತ್ತದೆ, ನಟ್ಟುಗಳನ್ನು ಎರಡನೇ ಸಲ ಬಿಗಿದು ನೋಡಲು ಸರಿಯಾದ ದೂರ. ಕಾರು ತಣ್ಣಗಾಗಲು ಬಿಟ್ಟು ಟಾರ್ಕ್ ಸ್ಪ್ಯಾನರ್ ಹಚ್ಚಿ. ಒಂದು ನಟ್ಟು ಕಾಲು ಸುತ್ತಿಗಿಂತ ಜಾಸ್ತಿ ತಿರುಗಿದರೆ ಆ ಚಕ್ರವನ್ನು ಮತ್ತೆ ಬಿಚ್ಚಿ ಇಳಿಜಾರು ಮುಖ ನೋಡಿ.